ಕಾವಲ ಹುಲ್ಲು, ಗುಡ್ಡದ ಅದಿರು

ಚಿತ್ರದುರ್ಗ, ಚಳ್ಳಕೆರೆ, ಹೊಸದುರ್ಗದ ಸೀಮೆಯೆಂದರೆ ಬರದ ನಾಡೆಂದೇ ಪರವೂರಿನಲ್ಲಿರುವ ನಮ್ಮಲ್ಲಿ ಅನೇಕರ ತಿಳಿವಳಿಕೆ. ಮಳೆ ಕಡಿಮೆಯೆಂಬುದು ನಿಜ. ಆದರೆ ಹೈದರ್, ಟಿಪ್ಪುಗಳ ಫಿರಂಗಿಗಳನ್ನೆಳೆದ ಎತ್ತುಗಳು ಮೇಯ್ದದ್ದು ಈ ಬಯಲುಸೀಮೆಯ ಹುಲ್ಲನ್ನೇ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆಚಾವಡಿ’ ಎನಿಸಿದ್ದ ಅರಮನೆಯ ದನದ ಇಲಾಖೆಗೆ ‘ಅಮೃತಮಹಲ್’ ಎಂಬ ಹೆಸರು ಬಂದುದು ಟಿಪ್ಪುವಿನಿಂದ. ಚಿತ್ರದುರ್ಗ, ತುಮಕೂರು, ಕಡೂರು, ಹಾಸನಗಳಲ್ಲಿ ಹಬ್ಬಿದ್ದ ಅದರ ಹುಲ್ಲುಗಾವಲುಗಳಿಗೆ ಕಾವಲುಗಳೆಂದು ಹೆಸರು. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಇವುಗಳನ್ನು ವಿಂಗಡಿಸಿದ್ದರು. ಬೇಸಗೆಯ ಕಾವಲು ಬಹುಮಟ್ಟಿಗೆ ಕೆರೆಯಂಗಳ. ನೀರು ಇಳಿದಂತೆ ಅಲ್ಲಿ ಹುಲ್ಲು ಏಳುತ್ತಿತ್ತು. ದನಗಳು ಬಿಟ್ಟುಹೋದ ಕಾವಲು ಬರಿದಾಗಿ ಕಂಡರೂ ಅದು ಮುಂದಿನ ಋತುವಿಗೆ ಇಟ್ಟ ಠೇವಣಿ.

1799ರ ಬಳಿಕ ಮಂದೆ ಇಂಗ್ಲಿಷರ ಕೈಸೇರಿತು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಅದನ್ನು ಮಾರಿಸಿದನು. ಉಳಿತಾಯವೇನೋ ಪುಸ್ತಕದಲ್ಲಿ ಸೊಗಸಾಗಿ ಕಂಡಿರಬೇಕು! ಒಳ್ಳೆಯ ಎತ್ತುಗಳು ದೊರೆಯದಂತಾಗಿ 1866ರಲ್ಲಿ ಅದೇ ಸರ್ಕಾರವೇ ತಳಿಯನ್ನು ಮತ್ತೆ ಕೂಡಿಸಹೊರಟಿತು. ದಿನವೂ ಜಮಾಖರ್ಚು ಬರೆಯುವ ನಮ್ಮಂಥವರಿಗೆ ಈ ಆರು ವರ್ಷಗಳ ಕಥೆ ಚೆನ್ನಾಗಿ ಅರ್ಥವಾಗುತ್ತದೆ: ಮೂಲಧನವನ್ನೇ ಮಾರಿ, ಬಂದ ಹಣವನ್ನು ಲಾಭವೆಂದು ಎಣಿಸಿದ್ದರು. 1882ರಲ್ಲಿ ಮಂದೆ ಮೈಸೂರು ಸರ್ಕಾರಕ್ಕೆ ಸೇರಿತು.

ಇನ್ನು ಕುರಿಯ ಲೆಕ್ಕ ಯಾವ ಪುಸ್ತಕಕ್ಕೂ ಸರಿಯಾಗಿ ಏರಿದ್ದಿಲ್ಲ. ಕುರುಬರ ಮಂದೆ ಬಯಲಿನಲ್ಲಿ ಮೇಯ್ದು ಕಂಬಳಿಗೆ ಉಣ್ಣೆ ಕೊಡುತ್ತದೆ. ರಾತ್ರಿ ಹೊಲದಲ್ಲಿ ತಂಗಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು ಇಲ್ಲವೆ ಕಾಸು.

ಅದಿರಿನ ಮಾತು ಬೇರೆ. ಅದಕ್ಕೆ ತೂಕವುಂಟು, ರಾಜಧನವುಂಟು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸತೊಡಗಿದಾಗ ಅದಿರು ಬಂದುದು ಕೆಮ್ಮಣ್ಣುಗುಂಡಿಯಿಂದ. ಆ ಗುಡ್ಡವೂ ಅಮೃತಮಹಲ್ ತಳಿಯ ಕೇಂದ್ರವಾದ ಅಜ್ಜಂಪುರವೂ ಆಗ ಒಂದೇ ತರೀಕೆರೆ ತಾಲ್ಲೂಕಿನವು. ಮುಂದೆ ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಗುಡ್ಡಗಳನ್ನೂ ಅಗೆದರು. ಅಗೆತ ಮಿತಿಮೀರಿ, 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಳನ್ನು ನಿಲ್ಲಿಸಿತು. ಅವು ಮತ್ತೆ ತೆರೆದದ್ದು ಉತ್ಪಾದನೆಗೆ ಮಿತಿ ಕಟ್ಟಿದ ಮೇಲೆ. ಗುಡ್ಡಕ್ಕೆ ಬೆಲೆಯಿದ್ದುದರಿಂದ ಅಷ್ಟಾದರೂ ಲೆಕ್ಕ ಕೇಳುವವರಿದ್ದರು.

ಕಾವಲಿಗೆ ಆ ಭಾಗ್ಯ ತಡವಾಗಿ ಬಂತು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ಸುಮಾರು 10,000 ಎಕರೆಯನ್ನು ವಿಜ್ಞಾನ, ರಕ್ಷಣೆ ಮೊದಲಾದ ಸಂಸ್ಥೆಗಳಿಗೆ ಕೊಟ್ಟಾಗ ಹಳ್ಳಿಗರು ಪ್ರತಿಭಟಿಸಿದರು; ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಖಾಲಿ ಜಾಗವೆಂದು ಕಾಗದ ಹೇಳುವ ಕಡೆ ಕುರಿ ಮೇಯುತ್ತಿದ್ದವು.