ಎಲ್ಕ್ ಬೇಟೆಯಲ್ಲಿ ಜಾಡು ಹಿಡಿಯುವ ವಿದ್ಯೆ

ಉತ್ತರ ಅಮೆರಿಕದ ದೊಡ್ಡ ಜಿಂಕೆಯಾದ ಎಲ್ಕ್ ಅಥವಾ ವಾಪಿಟಿಯನ್ನು ಅದರ ಹೆಜ್ಜೆ, ಹಿಕ್ಕೆ, ಮಲಗಿದ ಜಾಗ, ಕೊಂಬು ಉಜ್ಜಿದ ಮರ ಮತ್ತು ಹೊರಳಾಡಿದ ಕೆಸರುಗುಂಡಿಗಳಿಂದ ಪತ್ತೆಹಚ್ಚುವ ವಿದ್ಯೆ ಇದು. ಯುರೋಪಿನವರು ಎಲ್ಕ್ ಎನ್ನುವುದು ಮೂಸ್ ಪ್ರಾಣಿಯನ್ನು. ಸಿಲೋನಿನ ಬ್ರಿಟಿಷ್ ಬೇಟೆಗಾರರು ಹಾಗೆ ಕರೆದದ್ದು ನಮ್ಮ ಕಡವೆಯನ್ನು. ಇಲ್ಲಿನ ಪ್ರಸ್ತಾಪ ಆ ಎರಡರದ್ದೂ ಅಲ್ಲ. ಅಮೆರಿಕದ ಎಲ್ಕ್‌ಗೆ ಭಾರತದಲ್ಲಿರುವ ಹತ್ತಿರದ ನೆಂಟ ಕಾಶ್ಮೀರದ ಹಂಗುಲ್.

ಕುರುಹು ಯಾವ ಪ್ರಾಣಿಯದೆಂದು ಹೇಳುವುದು ಈ ವಿದ್ಯೆಯ ಸುಲಭದ ಪಾಲು. ಎಲ್ಕ್ ಗೊರಸಿನ ಗುರುತು ಸುಮಾರು 10 ಸೆಂಟಿಮೀಟರ್ ಉದ್ದವಿದ್ದು, ಅಲ್ಲಿನ ಇತರ ಸಣ್ಣ ಜಿಂಕೆಗಳದ್ದಕ್ಕಿಂತ ದುಂಡಗಿರುತ್ತದೆ. ದನ ಮೇಯುವ ಕಡೆ ಮಾತ್ರ ಕರುಗಳ ಹೆಜ್ಜೆಯೊಡನೆ ಬೆರೆತು ಗೊಂದಲವಾಗುತ್ತದೆ. ಕಷ್ಟವಿರುವುದು ಪ್ರಾಣಿ ಹಾದುಹೋಗಿ ಎಷ್ಟು ಹೊತ್ತಾಯಿತು ಎಂಬಲ್ಲಿ. ಒಂದು ರಾತ್ರಿಯಲ್ಲಿ ಬೆಟ್ಟದ ಆಚೆ ಮಗ್ಗುಲಿಗೆ ಸರಿದುಬಿಡುವ ಹಿಂಡಿನ ನಿನ್ನೆಯ ಹೆಜ್ಜೆ ಹಿಡಿದು ಹೊರಟವನಿಗೆ ನಡಿಗೆಯಷ್ಟೇ ಗಿಟ್ಟುತ್ತದೆ. ಆದ್ದರಿಂದ ಬೇಟೆಗಾರ ನೋಡುವುದು ಹೆಜ್ಜೆಯ ಅಂಚು ಉದುರಿದೆಯೇ, ಬೆಳಗಿನ ಇಬ್ಬನಿ ಹೆಜ್ಜೆಯೊಳಗೂ ಕೂತಿದೆಯೇ, ಹಿಕ್ಕೆಯ ಹಸಿ ಹೊಳಪು ಆರಿದೆಯೇ, ಗುಂಡಿಯ ನೀರು ಇನ್ನೂ ಕದಡಿಕೊಂಡಿದೆಯೇ, ತೊಗಟೆ ಸುಲಿದ ಮರದಿಂದ ಅಂಟು ಒಸರುತ್ತಿದೆಯೇ ಎಂದು. ಹಿಕ್ಕೆ ಮೇವಿನ ಕಥೆಯನ್ನೂ ಹೇಳುತ್ತದೆ: ಬೇಸಿಗೆಯ ಹಸಿ ಹುಲ್ಲು ತಿಂದರೆ ಸಗಣಿಯಂಥ ಮುದ್ದೆ, ಚಳಿಗಾಲದ ಒಣ ಮೇವಿಗೆ ಬಿಡಿಬಿಡಿ ಉಂಡೆ. ಸೆಪ್ಟೆಂಬರಿನ ಬೆದೆಯ ಕಾಲದಲ್ಲಿ ಗಂಡು ಎಲ್ಕ್ ಕೆಸರಿಗೆ ಉಚ್ಚೆ ಹೊಯ್ದು ಅದರಲ್ಲೇ ಹೊರಳುವುದರಿಂದ ಆಗ ಕಣ್ಣಿಗಿಂತ ಮೂಗು ಮುಂದಿರುತ್ತದೆ.

ಈ ತಿಳಿವಳಿಕೆಯ ಮೂಲ ಒಡೆಯರು ಅಲ್ಲಿನ ಆದಿವಾಸಿ ಜನ. ಅವರದು ಬರೆದಿಟ್ಟ ಜ್ಞಾನವಲ್ಲ. ಅದರ ಫಲವಷ್ಟೇ ಕಣ್ಣಿಗೆ ಬೀಳುತ್ತದೆ. ಒಂದು ಎಲ್ಕ್‌ಗೆ ದಂತದಂಥ ಕೋರೆಹಲ್ಲು ಎರಡೇ. ಕ್ರೋ ಬುಡಕಟ್ಟಿನ ಹೆಂಗಸರ ಉಡುಪಿನ ಮೇಲೆ ಅಂಥ ನೂರಾರು ಹಲ್ಲುಗಳನ್ನು ಹೊಲಿಯುತ್ತಿದ್ದರು. ಲಿಖಿತ ದಾಖಲೆ ದಟ್ಟವಾಗುವುದು ಅಮೆರಿಕದ ಪಶ್ಚಿಮವನ್ನು ಶೋಧಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ (1804–06) ದಿನಚರಿಗಳಲ್ಲಿ. 1805ರ ಚಳಿಗಾಲಕ್ಕೆ ಅವರು ಕೊಲಂಬಿಯಾ ನದಿಯ ದಕ್ಷಿಣ ದಡವನ್ನು ಆರಿಸಿಕೊಳ್ಳಲು ಒಂದು ಮುಖ್ಯ ಕಾರಣ, ಆ ಕಡೆ ಎಲ್ಕ್ ಹೇರಳವೆಂದು ಸ್ಥಳೀಯರು ಹೇಳಿದ್ದು. ಅಲ್ಲಿ ಕಟ್ಟಿಕೊಂಡ ಫೋರ್ಟ್ ಕ್ಲಾಟ್ಸಪ್ ಬಿಡಾರದಲ್ಲಿ ಆ ಡಿಸೆಂಬರಿನಿಂದ ಮಾರ್ಚ್ 20ರ ತನಕ 131 ಎಲ್ಕ್ ಹೊಡೆದೆವೆಂದು ಸಾರ್ಜೆಂಟ್ ಪ್ಯಾಟ್ರಿಕ್ ಗ್ಯಾಸ್ ಲೆಕ್ಕ ಬರೆದಿಟ್ಟ. ತಂಡದ ಅತ್ಯುತ್ತಮ ಬೇಟೆಗಾರ ಜಾರ್ಜ್ ಡ್ರುಯಾರ್. ತಂದೆ ಫ್ರೆಂಚ್ ಕೆನಡಿಯನ್, ತಾಯಿ ಶಾನೀ ಬುಡಕಟ್ಟಿನವಳು. ಅವನಿಲ್ಲದಿದ್ದರೆ ಹೊಟ್ಟೆಪಾಡು ಕಷ್ಟವಾಗುತ್ತಿತ್ತೆಂದು 1806ರ ಜನವರಿಯಲ್ಲಿ ಲೂಯಿಸನೇ ಒಪ್ಪಿಕೊಂಡಿದ್ದಾನೆ. ಬಿಳಿಯರ ಗಡಿನಾಡಿನ ವಿದ್ಯೆಯೆಂದು ಮುಂದೆ ಹಾಡಿ ಹೊಗಳಿದ್ದರಲ್ಲಿ ಬಹುಪಾಲು ಇಂಥವರು ಕಲಿಸಿಕೊಟ್ಟದ್ದು.

19ನೇ ಶತಮಾನದ ಎರಡನೆಯ ಅರ್ಧದಲ್ಲಿ ಮಾಂಸ ಮತ್ತು ಚರ್ಮದ ಪೇಟೆಗಾಗಿ ಹಿಂಡುಗಳನ್ನೇ ಮುಗಿಸಲಾಯಿತು. ಪೂರ್ವ ಭಾಗದ ಎಲ್ಕ್ ನಿರ್ನಾಮವಾಯಿತು. ‘ಎಲ್ಕ್ಸ್’ ಎಂಬ ಸೋದರ ಸಂಘದ ಸದಸ್ಯರು ಗಡಿಯಾರದ ಸರಪಳಿಗೆ ತೂಗಿಸಿಕೊಳ್ಳುವ ಆ ಕೋರೆಹಲ್ಲಿಗಾಗಿಯೇ ವಯೋಮಿಂಗಿನಲ್ಲಿ ಎಲ್ಕ್ ಕೊಂದು ದೇಹವನ್ನು ಅಲ್ಲೇ ಬಿಟ್ಟುಹೋಗುವ ಕಳ್ಳಬೇಟೆ ನಡೆಯಿತು. 20ನೇ ಶತಮಾನದ ಆರಂಭಕ್ಕೆ ಉಳಿದದ್ದು ಒಂದು ಲಕ್ಷಕ್ಕಿಂತ ಕಡಿಮೆ. 1912ರಲ್ಲಿ ವಯೋಮಿಂಗಿನ ಜಾಕ್ಸನ್ ಹೋಲ್ ಕಣಿವೆಯಲ್ಲಿ ರಾಷ್ಟ್ರೀಯ ಎಲ್ಕ್ ರಕ್ಷಿತ ತಾಣ ಹುಟ್ಟಿತು.

ಅದೇ ಕಣಿವೆಗೆ 1927ರಲ್ಲಿ ಸರ್ಕಾರಿ ಜೀವವಿಜ್ಞಾನಿ ಓಲಾಸ್ ಮ್ಯೂರಿ ಬಂದ. ಬೇಟೆಗಾರನ ಬಾಯಿಮಾತಿನ ವಿದ್ಯೆ ಇವನ ಕೈಯಲ್ಲಿ ಶಾಸ್ತ್ರವಾಯಿತು. ಎಲ್ಕ್ ಬಗೆಗಿನ ಅವನ ದೊಡ್ಡ ಗ್ರಂಥ 1951ರಲ್ಲೂ ಪ್ರಾಣಿಗಳ ಹೆಜ್ಜೆ ಗುರುತಿನ ಕೈಪಿಡಿ 1954ರಲ್ಲೂ ಹೊರಬಂದವು. ಕೈಪಿಡಿಯ ಚಿತ್ರಗಳನ್ನು ಬರೆದವನೂ ಅವನೇ. ಹೆಜ್ಜೆಯಷ್ಟೇ ಶ್ರದ್ಧೆಯಿಂದ ಹಿಕ್ಕೆಗಳನ್ನೂ ಬಿಡಿಸಿದ್ದಾನೆ. ಹೇಸಿಗೆಯನ್ನು ಬದಿಗಿಟ್ಟ ಆ ಶ್ರದ್ಧೆಯೇ ಪುಸ್ತಕದ ಬೆಲೆ.

ಹಿಕ್ಕೆ ಆ ಹೊತ್ತಿಗಾಗಲೇ ಅಂಕಗಣಿತಕ್ಕೂ ಬಳಕೆಯಾಗುತ್ತಿತ್ತು. ಗುರುತು ಹಾಕಿದ ತುಂಡು ನೆಲದಿಂದ ಹಳೆಯದನ್ನೆಲ್ಲ ತೆಗೆದು, ಕೆಲವು ತಿಂಗಳ ನಂತರ ಬಿದ್ದಿರುವ ಗುಪ್ಪೆಗಳನ್ನು ಎಣಿಸಿ, ಒಂದು ಪ್ರಾಣಿ ದಿನಕ್ಕೆ ಸುಮಾರು 13 ಗುಪ್ಪೆ ಹಾಕುತ್ತದೆಂದು ಹಿಡಿದು ಹಿಂಡಿನ ಗಾತ್ರ ಲೆಕ್ಕಹಾಕುವುದು ಇದರ ಕ್ರಮ. 1968ರಲ್ಲಿ ವನ್ಯಜೀವಿ ಸಂಶೋಧಕ ಡಾನ್ ನೆಫ್ ಈ ಪದ್ಧತಿಯ ವಿಮರ್ಶೆ ಪ್ರಕಟಿಸಿದ. ಇಲ್ಲೂ ಕಾಡಿದ್ದು ಬೇಟೆಗಾರನ ಹಳೆಯ ತೊಡಕೇ: ಮಳೆಕಾಡಿನಲ್ಲಿ ಹಿಕ್ಕೆ ಬೇಗ ಕರಗುತ್ತದೆ, ಒಣನಾಡಿನಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಹೀಗಾಗಿ ನೆಲವನ್ನು ಮೊದಲು ಗುಡಿಸದ ಎಣಿಕೆಯನ್ನು ನಂಬುವುದು ಕಷ್ಟ.

ಇಂದು ಎಲ್ಕ್ ಸಂಖ್ಯೆ ಸುಮಾರು ಹತ್ತು ಲಕ್ಷಕ್ಕೆ ಏರಿದೆ. ಬೇಟೆ ಪರವಾನಗಿ ಮತ್ತು ಋತುಗಳ ಕಟ್ಟಿಗೆ ಒಳಪಟ್ಟಿದೆ. ಕಾಡಿನಲ್ಲಿ ಕಟ್ಟಿಡುವ ಕ್ಯಾಮೆರಾ ಬಂದ ಮೇಲೆ ಪ್ರಾಣಿ ಹಾದುಹೋದ ಗಂಟೆ, ನಿಮಿಷ ಚಿತ್ರದ ಮೂಲೆಯಲ್ಲೇ ಅಚ್ಚಾಗಿ ಬರತೊಡಗಿದವು. ನೀರು ವಿರಳವಾದ ಅರಿಜೋನಾದಲ್ಲಿ ಒಂದೊಂದು ನೀರಿನ ಗುಂಡಿಯ ಸುತ್ತಲೂ ಹಲವರ ಕ್ಯಾಮೆರಾಗಳು ಸೇರಿ ಜಗಳಕ್ಕೂ ಕಾರಣವಾದವು. ಆ ರಾಜ್ಯ 2022ರ ಜನವರಿಯಿಂದ ಬೇಟೆಗಾಗಿ ಅವುಗಳ ಬಳಕೆಯನ್ನು ನಿಷೇಧಿಸಿದೆ. ನೆರೆಯ ಯೂಟಾ ವರ್ಷದ ಕೆಲವು ತಿಂಗಳ ಮಟ್ಟಿಗೆ ನಿರ್ಬಂಧ ಹೇರಿದೆ.