ಮುತ್ತಮ್ಮ ಪ್ರಕರಣ
ಭಾರತೀಯ ವಿದೇಶಾಂಗ ಸೇವೆಯ ಉನ್ನತ ಹುದ್ದೆಗಳ ಬಡ್ತಿಯಲ್ಲಿ ಮಹಿಳೆಯರಿಗಾಗುತ್ತಿದ್ದ ತಾರತಮ್ಯವನ್ನು ಪ್ರಶ್ನಿಸಿದ, ಸರ್ವೋಚ್ಚ ನ್ಯಾಯಾಲಯ 1979ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತ ಮೊಕದ್ದಮೆ. ಅರ್ಜಿದಾರರು ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮ (1924-2009), 1949ರಲ್ಲಿ ಈ ಸೇವೆಗೆ ಸೇರಿದ ಮೊದಲ ಮಹಿಳೆ. ಪ್ರಥಮ ದರ್ಜೆಗೆ ತಮ್ಮ ಬಡ್ತಿ ತಪ್ಪಿದ್ದಕ್ಕೆ ಲಿಂಗ ಪೂರ್ವಗ್ರಹವೇ ಕಾರಣವೆಂಬುದು ಅವರ ವಾದ.

1961ರ ಸೇವಾ ನಿಯಮಗಳಂತೆ ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಮನವರಿಕೆಯಾದರೆ ಮದುವೆಯ ನಂತರ ಆಕೆಯಿಂದ ರಾಜೀನಾಮೆ ಕೇಳಬಹುದಿತ್ತು. ವಿವಾಹಿತೆಗೆ ನೇಮಕಾತಿ ಹಕ್ಕಾಗಿರಲಿಲ್ಲ. ಈ ಕೊನೆಯ ನಿಯಮವನ್ನು 1973ರಲ್ಲೇ ಕೈಬಿಡಲಾಗಿತ್ತು. ಸಂಸಾರದ ಹೊಣೆ ಪುರುಷ ಅಧಿಕಾರಿಗಳಿಗೂ ಇತ್ತು, ರಾಜೀನಾಮೆಯ ಷರತ್ತು ಮಾತ್ರ ಇರಲಿಲ್ಲ.

ವಿಚಾರಣೆ ಬಾಕಿ ಇರುವಾಗಲೇ ಸರ್ಕಾರ ಬಡ್ತಿ ನೀಡಿದ್ದರಿಂದ ಅರ್ಜಿ ವಜಾ ಆಯಿತು. ಆದರೂ ಇದನ್ನು ಸೋಲೆನ್ನಲಾಗದು: ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಅರ್ಜಿದಾರರ ಜ್ಯೇಷ್ಠತೆಯ ಮರುಪರಿಶೀಲನೆಗೂ, ಸೇವಾ ನಿಯಮಗಳಲ್ಲಿನ ಲಿಂಗ ತಾರತಮ್ಯದ ನಿವಾರಣೆಗೂ ಸೂಚಿಸಿತು. ಎಲ್ಲ ಉದ್ಯೋಗಗಳಲ್ಲೂ ಪೂರ್ಣ ಸಮಾನತೆ ಸಾಧ್ಯವೆಂದು ಮಾತ್ರ ಅದು ಹೇಳಲಿಲ್ಲ. ಮುತ್ತಮ್ಮ ಮುಂದೆ ನೆದರ್‌ಲೆಂಡ್ಸ್‌ನಲ್ಲಿ ರಾಯಭಾರಿಯಾದರು. ವಿದೇಶಾಂಗ ಕಾರ್ಯದರ್ಶಿ ಹುದ್ದೆಗೆ ಮೊದಲ ಮಹಿಳೆ ಚೋಕಿಲಾ ಅಯ್ಯರ್ ನೇಮಕಗೊಂಡದ್ದು 2001ರಲ್ಲಿ.