ತಟ್ಟೆ ಮತ್ತು ಕೋಷ್ಟಕ

ದೊಡ್ಡ ಊರುಗಳ ಹೋಟೆಲುಗಳಲ್ಲಿ ಮೆನು ಕಾರ್ಡಿನ ಜಾಗಕ್ಕೆ ಈಗ ಮೇಜಿನ ಮೇಲೆ ಅಂಟಿಸಿದ ಕಪ್ಪುಬಿಳಿ ಚೌಕವೊಂದು ಬಂದಿದೆ. ಮೊಬೈಲನ್ನು ಅದಕ್ಕೆ ಹಿಡಿದರೆ ಪಟ್ಟಿ ತೆರೆದುಕೊಳ್ಳುತ್ತದೆ. ಯುರೋಪು, ಅಮೆರಿಕಗಳ ಕೆಲವು ಹೋಟೆಲುಗಳಲ್ಲಿ ಪಟ್ಟಿಗಿಂತ ಮೊದಲು ಪ್ರಶ್ನೆಗಳು ಬರುತ್ತವೆ. ಗೋಧಿ ಆಗುವುದಿಲ್ಲವೆ? ಶೇಂಗಾ ಆಗುವುದಿಲ್ಲವೆ? ಹಾಲು? ಮೀನು? ಆಗದ್ದಕ್ಕೆ ಗುರುತು ಹಾಕಿದರೆ ಪಟ್ಟಿಯಿಂದ ಒಂದೊಂದೇ ಖಾದ್ಯ ಮಾಯವಾಗಿ, ಕೊನೆಗೆ ನೀವು ತಿನ್ನಬಹುದಾದಷ್ಟೇ ಉಳಿಯುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಮೆನು. ಇದನ್ನು ಕಂಪ್ಯೂಟರ್ ಯುಗದ ಹೊಸ ಸೋಜಿಗವೆಂದು ಬಣ್ಣಿಸುವುದು ರೂಢಿ. ಆದರೆ ಯಂತ್ರವನ್ನು ಬಿಟ್ಟು ಅದರೊಳಗಿನ ಕೋಷ್ಟಕವನ್ನು ನೋಡಿದರೆ, ಅದು ಸಾವಿರ ವರ್ಷದಷ್ಟು ಹಳೆಯದು.

ಹನ್ನೊಂದನೆಯ ಶತಮಾನದ ಬಗ್ದಾದಿನಲ್ಲಿ ಇಬ್ನ್ ಬುತ್ಲಾನ್ ಎಂಬ ಕ್ರೈಸ್ತ ವೈದ್ಯನಿದ್ದ. ಅವನು ಅರಬ್ಬಿಯಲ್ಲಿ ಬರೆದ ಗ್ರಂಥದ ಹೆಸರು ‘ತಖ್ವೀಮುಸ್ಸಿಹ್ಹಾ’. ಉರ್ದು ಬಲ್ಲವರಿಗೆ ತಖ್ವೀಮ್ ಎಂದರೆ ಪಂಚಾಂಗ, ಕ್ಯಾಲೆಂಡರ್. ಹೆಸರು ಸುಮ್ಮನೆ ಇಟ್ಟದ್ದಲ್ಲ. ಗ್ರಹಗತಿ ಲೆಕ್ಕ ಹಾಕುವ ಜ್ಯೋತಿಷಿಗಳು ಗೆರೆ ಎಳೆದು ಮನೆಗಳನ್ನು ಮಾಡಿ ಅಂಕಿ ತುಂಬುತ್ತಿದ್ದರಲ್ಲ, ಆ ಕ್ರಮವನ್ನೇ ಈತ ಊಟಕ್ಕೆ ತಂದ. ಅಂಜೂರ, ದ್ರಾಕ್ಷಿ, ಗೋಧಿ ರೊಟ್ಟಿ, ಕುರಿಮಾಂಸ ಎಂದು ಒಂದೊಂದು ಪದಾರ್ಥಕ್ಕೆ ಒಂದೊಂದು ಸಾಲು. ಸಾಲಿನುದ್ದಕ್ಕೂ ಮನೆಗಳು: ಇದರ ಗುಣ ಉಷ್ಣವೋ ಶೀತವೋ, ಇದರಲ್ಲಿ ಉತ್ತಮವಾದದ್ದು ಯಾವುದು, ಇದರಿಂದಾಗುವ ಲಾಭವೇನು, ಕೇಡೇನು, ಆ ಕೇಡನ್ನು ತೊಡೆಯುವುದು ಹೇಗೆ, ಯಾವ ಮಿಜಾಜಿನವರಿಗೆ, ಯಾವ ವಯಸ್ಸಿಗೆ, ಯಾವ ಋತುವಿಗೆ, ಯಾವ ಸೀಮೆಗೆ ಇದು ಹೊಂದುತ್ತದೆ. ಓದುವವನು ಕೋಷ್ಟಕದ ಮೇಲೆ ಬೆರಳಿಟ್ಟು ತನಗೆ ಬೇಕಾದದ್ದನ್ನು ಹುಡುಕಿಕೊಳ್ಳಬಹುದಿತ್ತು. ಜನರಿಗೆ ಬೇಕಾದದ್ದು ಪ್ರಯೋಜನವೇ ಹೊರತು ಪಂಡಿತರ ಉದ್ದುದ್ದದ ವಾದವಲ್ಲ ಎಂಬ ತಿಳಿವಳಿಕೆ ಅವನಿಗಿತ್ತು.

ಮಿಜಾಜು ಎಂಬ ಮಾತನ್ನು ಇಲ್ಲಿ ತುಸು ಬಿಡಿಸಬೇಕು. ಇಂದು ನಾವು ಯಾರನ್ನಾದರೂ ‘ಮಿಜಾಜ್ ಶರೀಫ್?’ ಎಂದು ವಿಚಾರಿಸಿದರೆ ಅದು ಬರೀ ಉಪಚಾರದ ಮಾತು. ಯುನಾನಿ ವೈದ್ಯದಲ್ಲಿ ಅದಕ್ಕೆ ಖಚಿತವಾದ ಅರ್ಥವಿದೆ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಈ ನಾಲ್ಕು ಒಬ್ಬನ ದೇಹದಲ್ಲಿ ಬೆರೆತಿರುವ ಹದ. ಹದ ಒಬ್ಬೊಬ್ಬರದು ಒಂದೊಂದು, ಆದ್ದರಿಂದ ಪಥ್ಯವೂ ಒಂದೊಂದು. ಹಕೀಮರು ಪರಹೇಜು ಹೇಳುವ ಮುನ್ನ ನಾಡಿ ಹಿಡಿಯುತ್ತಿದ್ದುದು ಅದಕ್ಕೇ. ನಾಲ್ಕು ದ್ರವಗಳ ಈ ಸಿದ್ಧಾಂತವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ, ಸರಿಯೇ. ಆದರೆ ಎಲ್ಲರಿಗೂ ಒಂದೇ ಊಟ ಸಲ್ಲದು ಎಂಬ ಮಾತು ಉಳಿದುಕೊಂಡಿದೆ. ಇಬ್ನ್ ಬುತ್ಲಾನನಿಗೂ ಒಂದು ಶತಮಾನ ಹಿಂದೆ ಅದೇ ಬಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್-ವರ್ರಾಖ್ ಬರೆದ ಅಡುಗೆ ಪುಸ್ತಕದಲ್ಲಿ ‘ಮುಝವ್ವರಾತ್’ ಎಂಬ ಒಂದು ವರ್ಗವೇ ಇದೆ. ಮಾತಿನ ಅರ್ಥ ಹುಸಿಯಾದದ್ದು, ನಕಲಿ ಎಂದು. ಮಾಂಸದ ಅಡುಗೆಯಂತೆಯೇ ಮಾಡಿ ಮಾಂಸ ಹಾಕದ ಖಾದ್ಯಗಳು ಇವು. ಉಪವಾಸದ ದಿನಗಳಲ್ಲಿ ಕ್ರೈಸ್ತರೂ, ಮಾಂಸ ಜೀರ್ಣವಾಗದ ರೋಗಿಗಳೂ ಇವನ್ನು ಉಣ್ಣುತ್ತಿದ್ದರು. ಮುಸ್ಲಿಂ ರಾಜಧಾನಿಯ ಅಡುಗೆ ಪುಸ್ತಕದಲ್ಲಿ ಪರಧರ್ಮದವರ ಉಪವಾಸಕ್ಕೂ ರೋಗಿಯ ನಾಲಿಗೆಗೂ ಒಟ್ಟಿಗೆ ಜಾಗ ಸಿಕ್ಕಿತ್ತು. ಇಂದು ತಟ್ಟೆ ನೋಡಿ ಮನುಷ್ಯನನ್ನು ಅಳೆಯುವವರು ಇದನ್ನು ಓದಬೇಕಿತ್ತು.

ಕೋಷ್ಟಕ ಕಟ್ಟಿದ ಇಬ್ನ್ ಬುತ್ಲಾನನೇ ಅದನ್ನು ಗೇಲಿಯನ್ನೂ ಮಾಡಿದ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಅವನ ‘ದಾವತುಲ್ ಅತಿಬ್ಬಾ’ ಎಂಬ ಇನ್ನೊಂದು ಕೃತಿಯಲ್ಲಿ ಜಿಪುಣ ಮುದಿ ವೈದ್ಯನೊಬ್ಬ ತರುಣ ವೈದ್ಯನನ್ನು ಊಟಕ್ಕೆ ಕರೆಯುತ್ತಾನೆ. ತಟ್ಟೆಗಳು ಒಂದೊಂದಾಗಿ ಬರುತ್ತವೆ. ಒಂದೊಂದು ಬಂದಾಗಲೂ ಆತಿಥೇಯನು ಇದು ಅದಕ್ಕೆ ಕೇಡು, ಅದು ಇದಕ್ಕೆ ಕೇಡು ಎಂದು ಶಾಸ್ತ್ರ ಹೇಳಿ ಅತಿಥಿಯ ಕೈ ತಡೆಯುತ್ತಾನೆ. ದಸ್ತರ್‌ಖಾನಿನ ಮೇಲೆ ಅಷ್ಟೆಲ್ಲ ಇದ್ದೂ ಅತಿಥಿಯ ಹೊಟ್ಟೆ ಖಾಲಿ. ಕೋಷ್ಟಕದಲ್ಲಿ ಬರೀ ‘ಕೇಡು’ ಎಂಬ ಮನೆಯನ್ನಷ್ಟೇ ಓದಿದರೆ ಹೀಗಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನ ಗ್ರಂಥವನ್ನು ಹದಿಮೂರನೆಯ ಶತಮಾನದಲ್ಲಿ ಸಿಸಿಲಿಯ ದೊರೆ ಮ್ಯಾನ್‌ಫ್ರೆಡನ ಆಸ್ಥಾನದಲ್ಲಿ ಲ್ಯಾಟಿನ್ನಿಗೆ ತಂದರು. ತಖ್ವೀಮ್ ಎಂಬುದು ‘ತಾಕ್ವಿನುಮ್’ ಆಯಿತು. ಇಟಲಿಯವರು ಇಂದಿಗೂ ಜೇಬಿನ ಟಿಪ್ಪಣಿ ಪುಸ್ತಕವನ್ನು ‘ತಕ್ವೀನೊ’ ಅನ್ನುವುದು ಈ ಮಾತಿನಿಂದಲೇ.

ಯುರೋಪಿನಲ್ಲಿ ದೇಹಕ್ಕೆ ತಕ್ಕ ಊಟ ಎಂಬ ವಿಚಾರ ಮನೆ, ಆಸ್ಪತ್ರೆಗಳನ್ನು ದಾಟಿ ಅಂಗಡಿಗೆ ಬಂದದ್ದು ಪ್ಯಾರಿಸ್ಸಿನಲ್ಲಿ. ರೆಸ್ಟೋರೆಂಟ್ ಎಂಬ ಮಾತು ಮೊದಲು ಜಾಗದ ಹೆಸರಾಗಿರಲಿಲ್ಲ, ಒಂದು ಸಾರಿನ ಹೆಸರಾಗಿತ್ತು. ಮಾಂಸವನ್ನು ಹೊತ್ತುಗಟ್ಟಲೆ ಕುದಿಸಿ ಇಳಿಸಿದ ಬಲವರ್ಧಕ ಸಾರು, ನಮ್ಮ ಮನೆಗಳಲ್ಲಿ ಬಾಣಂತಿಗೂ ಕಾಯಿಲೆಯವರಿಗೂ ಕೊಡುವ ಯಖ್ನಿಯಂಥದ್ದು. 1766ರ ಸುಮಾರಿಗೆ ಮ್ಯಾಥುರಿನ್ ರೋಝ್ ದ ಶಾಂತ್ವಾಜೊ ಎಂಬಾತ ಇದನ್ನು ಮಾರುವ ಮನೆ ತೆರೆದ. ಅದುವರೆಗೆ ಹೊರಗೆ ಉಣ್ಣುವವರು ನಿಗದಿಯಾದ ಹೊತ್ತಿಗೆ ಒಂದೇ ದೊಡ್ಡ ಮೇಜಿನ ಸುತ್ತ ಕೂತು, ಬಡಿಸಿದ್ದನ್ನು ತಿನ್ನಬೇಕಿತ್ತು. ಇಲ್ಲಿ ಪ್ರತ್ಯೇಕ ಮೇಜು, ಬೇಕಾದ ಹೊತ್ತು, ಬೇಕಾದದ್ದನ್ನು ಆರಿಸಲು ಬೆಲೆ ಬರೆದ ಪಟ್ಟಿ. ಇತಿಹಾಸಕಾರ್ತಿ ರೆಬೆಕಾ ಸ್ಪಾಂಗ್ 2000ದಲ್ಲಿ ಬರೆದ ಪುಸ್ತಕದಲ್ಲಿ ಇದನ್ನೆಲ್ಲ ವಿವರವಾಗಿ ತೋರಿಸಿದ್ದಾರೆ. ರೆಸ್ಟೋರೆಂಟು ಹುಟ್ಟಿದ್ದೇ ಸೂಕ್ಷ್ಮ ದೇಹದವರ ಆರೈಕೆಯ ಮನೆಯಾಗಿ. ಭೋಗದ ಜಾಗವಾದದ್ದು ಆಮೇಲೆ.

ಯಂತ್ರ ಈ ಕತೆಯೊಳಗೆ ಕಾಲಿಟ್ಟದ್ದು ಅಮೆರಿಕದಲ್ಲಿ, ಅದೂ ಬಡತನದ ಲೆಕ್ಕದ ಮೂಲಕ. 1945ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಒಂದು ಪ್ರಶ್ನೆ ಕೇಳಿಕೊಂಡ: ಒಬ್ಬ ಗಂಡಸಿಗೆ ಬೇಕಾದ ಒಂಬತ್ತು ಪೋಷಕಾಂಶಗಳನ್ನು 77 ಆಹಾರವಸ್ತುಗಳಿಂದ ಅತಿ ಕಡಿಮೆ ಖರ್ಚಿನಲ್ಲಿ ಪೂರೈಸಲು ಎಷ್ಟು ಬೇಕು? 1939ರ ಬೆಲೆಯಲ್ಲಿ ವರ್ಷಕ್ಕೆ 39.93 ಡಾಲರ್ ಎಂದು ಉತ್ತರ ಕಂಡ. ಊಟ ಏನೆಂದರೆ ಗೋಧಿಹಿಟ್ಟು, ಡಬ್ಬಿಯ ಗಟ್ಟಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್ ಕಾಳು. ವರ್ಷವಿಡೀ ಇಷ್ಟೇ. ಜಾರ್ಜ್ ಡಾಂಟ್ಜಿಗ್ ಎಂಬ ಗಣಿತಜ್ಞ ಇಂಥ ಲೆಕ್ಕಗಳಿಗೆಂದು ಹೊಸ ವಿಧಾನವನ್ನು ಕಂಡುಹಿಡಿದಾಗ, 1947ರಲ್ಲಿ ಜ್ಯಾಕ್ ಲೇಡರ್‌ಮನ್ ಅದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಈ ಊಟದ ಲೆಕ್ಕವನ್ನೇ. ಒಂಬತ್ತು ಗುಮಾಸ್ತರು ಕೈಯಂತ್ರಗಳ ಮುಂದೆ ಕೂತರು. ಎಲ್ಲರ ದುಡಿಮೆ ಕೂಡಿಸಿದರೆ ಸುಮಾರು 120 ದಿನಗಳ ಕೆಲಸ. ಉತ್ತರ 39.69 ಡಾಲರ್. ಉಳಿತಾಯ 24 ಸೆಂಟು!

ನಗೆಯ ಪ್ರಸಂಗ ಮುಂದಿದೆ. 1950ರ ದಶಕದಲ್ಲಿ ಡಾಂಟ್ಜಿಗ್‌ಗೆ ತೂಕ ಇಳಿಸಲು ವೈದ್ಯರು ಹೇಳಿದರು. ನನ್ನ ಪಥ್ಯವನ್ನು ಕಂಪ್ಯೂಟರೇ ಹೇಳಲಿ, ಅದು ಹೇಳಿದ್ದನ್ನೇ ತಿನ್ನುತ್ತೇನೆ ಎಂದು ಆತ ಹೊರಟ. ಹೊಟ್ಟೆ ತುಂಬಿದಂತೆ ಅನ್ನಿಸಬೇಕು ಎಂಬುದನ್ನು ಲೆಕ್ಕಕ್ಕೆ ತರಲು, ಆಹಾರದ ತೂಕದಲ್ಲಿ ನೀರಿನಂಶವನ್ನು ಕಳೆದು ಉಳಿದದ್ದು ಹೆಚ್ಚಿರಬೇಕೆಂದು ಯಂತ್ರಕ್ಕೆ ಹೇಳಿದ. ಮೊದಲ ಉತ್ತರ ಬಂತು: 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ವಿನೆಗರ್. ಅಂಕಿಗಳ ಪಟ್ಟಿಯಲ್ಲಿ ವಿನೆಗರಿನ ನೀರಿನಂಶದ ಮನೆಯಲ್ಲಿ ಸೊನ್ನೆ ಕೂತಿತ್ತು, ಅದೇ ಕಾರಣ. ವಿನೆಗರನ್ನು ತೆಗೆದುಹಾಕಿದ. ಎರಡನೆಯ ಉತ್ತರ: ದಿನಕ್ಕೆ 200 ಬಿಲ್ಲೆ ಮಾಂಸದ ಸಾರು. ಪ್ಯಾರಿಸ್ಸಿನ ಅದೇ ಸಾರು, ಈಗ ಉಪ್ಪಿನ ಗಟ್ಟಿಯಾಗಿ. ಮೂರ್ನಾಲ್ಕು ಬಿಲ್ಲೆಗಳನ್ನು ಬಿಸಿನೀರಿಗೆ ಹಾಕಿ ಕುಡಿಯಲು ಹೋದವನು ಉಗಿದುಬಿಟ್ಟ. ಉಪ್ಪಿಗೆ ಮಿತಿ ಏಕೆ ಬರೆದಿಲ್ಲವೆಂದು ವೈದ್ಯರನ್ನು ಕೇಳಿದರೆ, ಅಷ್ಟು ಉಪ್ಪು ತಿನ್ನಬಾರದೆಂಬ ಬುದ್ಧಿ ಜನರಿಗೇ ಇರುತ್ತದಲ್ಲ ಎಂಬರ್ಥದ ಉತ್ತರ ಬಂತು. ಮಿತಿ ಹಾಕಿದ ಮೇಲೆ ಯಂತ್ರ ಗೋಧಿ ಬೂಸಾಕ್ಕೆ ಹೋಯಿತು, ದಿನಕ್ಕೆ ಎರಡು ಪೌಂಡ್. ಅದಕ್ಕೂ ಮಿತಿ ಹಾಕಿದರೆ ಕಾಕಂಬಿ ಎಂದಿತು. ಕೊನೆಗೆ ಹೆಂಡತಿ ಆ್ಯನ್, ಯಂತ್ರ ಕೊಟ್ಟ ಪಟ್ಟಿಗಳಲ್ಲಿ ಒಳ್ಳೆಯದೆನಿಸಿದ್ದನ್ನಷ್ಟೇ ಆರಿಸಿ ತನ್ನ ಲೆಕ್ಕದಲ್ಲಿ ಅಡುಗೆ ಮಾಡಿ ಬಡಿಸಿದಳು. ಗಂಡನ ತೂಕ 22 ಪೌಂಡ್ ಇಳಿಯಿತು. ಇದನ್ನೆಲ್ಲ ಡಾಂಟ್ಜಿಗ್ ತಾನೇ 1990ರಲ್ಲಿ ಬರೆದಿದ್ದಾನೆ. ಉಪ್ಪಿಗೆ ಎಷ್ಟು ಸಾಕು ಎಂಬ ಮನೆ ಯಂತ್ರದಲ್ಲಿ ಖಾಲಿ ಇತ್ತು. ಅದನ್ನು ತುಂಬಿದ್ದು ಅಡುಗೆಮನೆ.

1964ರಲ್ಲಿ ನ್ಯೂ ಆರ್ಲಿಯನ್ಸಿನ ಟುಲೇನ್ ವಿಶ್ವವಿದ್ಯಾಲಯದ ಜೋಸೆಫ್ ಬಾಲಿಂಟ್ಫಿ ಕಂಪ್ಯೂಟರಿನಿಂದ ಮೆನು ಯೋಜಿಸುವ ಕ್ರಮವನ್ನು ಪ್ರಕಟಿಸಿದ. ಆತ ಬಿಡಿ ಪದಾರ್ಥಗಳನ್ನು ಬಿಟ್ಟು ಇಡೀ ಖಾದ್ಯಗಳನ್ನೇ ಲೆಕ್ಕಕ್ಕೆ ತಂದ, ಆದ್ದರಿಂದ ಆಸ್ಪತ್ರೆಗಳಿಗೆ ಅದು ಉಪಯೋಗಕ್ಕೆ ಬಂತು. ಇಂದಿನ ಹೋಟೆಲುಗಳ ಸಾಫ್ಟ್‌ವೇರಿನ ಅಜ್ಜ ಇದೇ ಅನ್ನಬಹುದು.

ಖಾಲಿ ಮನೆಯ ಅಪಾಯ ಹೀಗಾದರೆ, ತುಂಬಿದ ಮನೆಯದು ಬೇರೆಯೇ ಕತೆ. 1960ರ ದಶಕದಿಂದ ವಿಮಾನದ ಟಿಕೆಟುಗಳು ಕಂಪ್ಯೂಟರಿಗೆ ಬಂದವು. ಕ್ರಮೇಣ ಪ್ರಯಾಣಿಕನ ಊಟವೂ ನಾಲ್ಕು ಅಕ್ಷರಗಳ ಸಂಕೇತವಾಗಿ ಅವನ ಹೆಸರಿನ ಪಕ್ಕ ಕೂತಿತು. ಮುಸ್ಲಿಂ ಊಟ ಎಂಒಎಂಎಲ್, ಯಹೂದಿ ಊಟ ಕೆಎಸ್ಎಂಎಲ್, ಮಧುಮೇಹಿಗಳದು ಡಿಬಿಎಂಎಲ್, ಜೈನರದು ವಿಜೆಎಂಎಲ್. ಹಿಂದೂ ಊಟ ಎಚ್ಎನ್ಎಂಎಲ್, ಇದು ಸಾಮಾನ್ಯವಾಗಿ ದನದ ಮಾಂಸವಿಲ್ಲದ ಮಾಂಸಾಹಾರ ಎಂಬುದು ಗೊತ್ತಿಲ್ಲದೆ ಬೇಸ್ತುಬಿದ್ದ ಸಸ್ಯಾಹಾರಿಗಳುಂಟು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಹಲಾಲ್ ಊಟ ಸಿಗುವುದೆಂದರೆ ಅದು ದೊಡ್ಡ ಸೌಕರ್ಯವೇ, ಇಲ್ಲವೆನ್ನಲಾಗದು. ಆದರೆ 2001ರ ಸೆಪ್ಟೆಂಬರ್ ದಾಳಿಯ ನಂತರ ತನ್ನ ದೇಶಕ್ಕೆ ಬರುವ ಪ್ರಯಾಣಿಕರ ದಾಖಲೆಗಳನ್ನೆಲ್ಲ ಒಪ್ಪಿಸಬೇಕೆಂದು ಅಮೆರಿಕ ವಿಮಾನ ಕಂಪನಿಗಳಿಗೆ ಹೇಳಿತು. ಆ ದಾಖಲೆಯಲ್ಲಿ ಊಟದ ಸಂಕೇತವೂ ಇತ್ತು. ಹೆಸರು, ಪಾಸ್‌ಪೋರ್ಟು ಏನನ್ನೂ ಹೇಳದಿದ್ದರೂ ಕೋಳಿಸಾರಿನ ಆಯ್ಕೆ ಅವನ ಧರ್ಮ ಹೇಳಿಬಿಡುತ್ತಿತ್ತು. ಯುರೋಪಿನಲ್ಲಿ ತಕರಾರೆದ್ದು, 2004ರ ಒಪ್ಪಂದದಲ್ಲಿ ಧರ್ಮ, ಆರೋಗ್ಯಗಳನ್ನು ಬಯಲುಮಾಡುವ ಮಾಹಿತಿಯನ್ನು ಸೋಸಿ ತೆಗೆಯಬೇಕೆಂಬ ಮಾತು ಸೇರಿತು. ಯುರೋಪು ತನ್ನದೇ ಇಂಥ ಕಾನೂನನ್ನು 2016ರಲ್ಲಿ ಮಾಡಿದಾಗ ಧರ್ಮ ತಿಳಿಸುವ ಮಾಹಿತಿಯ ಬಳಕೆಯನ್ನು ನಿಷೇಧಿಸಿತು. ಮರುವರ್ಷ ಕೆನಡಾದೊಂದಿಗಿನ ಒಪ್ಪಂದವನ್ನು ಪರಿಶೀಲಿಸಿದ ಯುರೋಪಿನ ನ್ಯಾಯಾಲಯವು, ಈ ದಾಖಲೆಗಳಿಂದ ಮನುಷ್ಯನ ಆಹಾರ ಪದ್ಧತಿಯೂ ಆರೋಗ್ಯವೂ ಬಯಲಾಗಬಹುದೆಂದು ಎಚ್ಚರಿಸಿತು. ಹಸಿವಿಗೆಂದು ಹೇಳಿದ ಮಾತು ಬೇರೆ ಕಿವಿಗೆ ಬೇರೆಯಾಗಿ ಕೇಳಿಸುವುದನ್ನು ನಮ್ಮ ಜನ ಬಾಡಿಗೆ ಮನೆ ಹುಡುಕುವಾಗಲೂ ಅನುಭವಿಸಿದ್ದಾರೆ.

ಹಾಗೆಂದು ಹೇಳದೆ ಇರಬಹುದೆ? 2016ರ ಜುಲೈಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 15 ವರ್ಷದ ನತಾಶಾ ಎಡ್ನನ್-ಲಪರೂಸ್ ಎಂಬ ಹುಡುಗಿ ಸ್ಯಾಂಡ್‌ವಿಚ್ ಕೊಂಡಳು. ಅವಳಿಗೆ ಎಳ್ಳು ಆಗುತ್ತಿರಲಿಲ್ಲ. ಎಳ್ಳು ಬ್ರೆಡ್ಡಿನ ಹಿಟ್ಟಿನೊಳಗೇ ಇತ್ತು, ಪೊಟ್ಟಣದ ಮೇಲೆ ಬರೆದಿರಲಿಲ್ಲ. ವಿಮಾನದಲ್ಲೇ ಕುಸಿದ ಹುಡುಗಿ ಅಂದೇ ತೀರಿಕೊಂಡಳು. ಹೋಟೆಲುಗಳೂ ಹದಿನಾಲ್ಕು ಅಲರ್ಜಿಕಾರಕಗಳ ಮಾಹಿತಿ ಕೊಡಬೇಕೆಂಬ ಯುರೋಪಿನ ಕಾನೂನು 2014ರ ಡಿಸೆಂಬರಿನಲ್ಲೇ ಜಾರಿಗೆ ಬಂದಿತ್ತು. ಆದರೆ ಅಂಗಡಿಯಲ್ಲೇ ತಯಾರಿಸಿ ಕಟ್ಟಿಟ್ಟ ತಿನಿಸಿನ ಪ್ರತಿ ಪೊಟ್ಟಣದ ಮೇಲೂ ಬರೆಯಬೇಕಾದ ಕಟ್ಟುಪಾಡು ಬ್ರಿಟನ್ನಿನಲ್ಲಿರಲಿಲ್ಲ. 2021ರ ಅಕ್ಟೋಬರ್ 1ರಂದು ಆ ಹುಡುಗಿಯ ಹೆಸರಿನಲ್ಲೇ ಕರೆಯಲಾಗುವ ಕಾನೂನು ಬಂದು ಆ ಸಂದನ್ನು ಮುಚ್ಚಿತು.

ಇಂಥ ಕಾನೂನುಗಳೇ ಮೆನು ಸಾಫ್ಟ್‌ವೇರಿಗೆ ಬೇಡಿಕೆ ತಂದವು. ಅದು ಕೆಲಸ ಮಾಡುವ ಬಗೆ ಸರಳ. ಪ್ರತಿ ಖಾದ್ಯವನ್ನೂ ಪದಾರ್ಥಗಳಾಗಿ ಒಡೆದು, ಪ್ರತಿ ಪದಾರ್ಥದ ಎದುರು ಇಂಥದ್ದು ಇದೆ ಅಥವಾ ಇಲ್ಲ ಎಂದು ಬರೆದಿಡುತ್ತಾರೆ. ಗಿರಾಕಿ ಬೇಡವೆಂದದ್ದು ಯಾವುದರಲ್ಲಿದೆಯೋ ಆ ಖಾದ್ಯವನ್ನು ಯಂತ್ರ ಮರೆಮಾಡುತ್ತದೆ. ತೊಡಕಿರುವುದು ಖಾಲಿ ಬಿಟ್ಟ ಮನೆಯಲ್ಲಿ. ಖಾಲಿ ಎಂದರೆ ಇಲ್ಲವೆಂದೋ, ಗೊತ್ತಿಲ್ಲವೆಂದೋ? ಅವೆರಡನ್ನೂ ಬೇರೆ ಬೇರೆಯಾಗಿ ಬರೆದಿಡದಿದ್ದರೆ ಯಂತ್ರ ಖಾಲಿಯನ್ನು ಇಲ್ಲವೆಂದೇ ಓದಿ ತಟ್ಟೆಯನ್ನು ಮುಂದಿಡುತ್ತದೆ. ಸಾಸ್ ಒದಗಿಸುವ ಕಂಪನಿ ಬದಲಾದ ದಿನ ಕೋಷ್ಟಕ ಬದಲಾಗದಿದ್ದರೂ ಅದೇ ಗತಿ.

ನಮ್ಮ ದೇಶದಲ್ಲಿ 2020ರ ನಿಯಮಗಳ ಪ್ರಕಾರ, ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿಯನ್ನು ನಮೂದಿಸಬೇಕು, ಅಲರ್ಜಿಯ ಮಾಹಿತಿಯನ್ನೂ ಒದಗಿಸಬೇಕು. 2022ರಿಂದ ಇದು ಜಾರಿಯಲ್ಲಿದೆ. ಆ ನಿಯಮದ ಅಲರ್ಜಿ ಪಟ್ಟಿಯಲ್ಲಿ ಗೋಧಿ, ಹಾಲು, ಮೊಟ್ಟೆ, ಮೀನು, ಸೀಗಡಿ, ಶೇಂಗಾ, ಗೋಡಂಬಿಯಂಥ ಬೀಜಗಳು, ಸೋಯಾ, ಸಲ್ಫೈಟು ಇವೆ. ಎಳ್ಳು ಇಲ್ಲ, ಸಾಸಿವೆಯೂ ಇಲ್ಲ. ಸಂಕ್ರಾಂತಿಗೆ ಎಳ್ಳು ಬೀರುವ, ಎಣ್ಣೆಗಾಯಿಗೂ ಬಘಾರೆ ಬೈಂಗನ್‌ಗೂ ಎಳ್ಳು ಅರೆಯುವ, ಸಾಸಿವೆ ಸಿಡಿಯದೆ ಒಗ್ಗರಣೆಯೇ ಆಗದ ನಾಡು ನಮ್ಮದು. ಅಮೆರಿಕ 2023ರ ಜನವರಿಯಿಂದ ಎಳ್ಳನ್ನು ಪಟ್ಟಿಗೆ ಸೇರಿಸಿತು. ಆಗ ಅಲ್ಲಿನ ಕೆಲವು ಬೇಕರಿಗಳು ಯಂತ್ರಗಳನ್ನು ಎಳ್ಳಿನ ಸೋಂಕಿಲ್ಲದಂತೆ ತೊಳೆಯುವ ಗೋಜು ಬೇಡವೆಂದು, ಬೇಕೆಂದೇ ಬ್ರೆಡ್ಡಿಗೆ ತುಸು ಎಳ್ಳುಹಿಟ್ಟು ಬೆರೆಸಿ, ‘ಎಳ್ಳು ಇದೆ’ ಎಂದು ಬರೆದುಕೊಂಡವು. ಕಾನೂನಿನ ಮನೆ ತುಂಬಿತು. ಅದುವರೆಗೆ ಆ ಬ್ರೆಡ್ಡು ತಿನ್ನುತ್ತಿದ್ದವರಿಗೆ ಅದೂ ತಪ್ಪಿತು.

ನಮ್ಮ ಸಾಂಬಾರಿನ ಮಾತೂ ಒಂದಿದೆ. ಗೋಧಿ ಕರುಳಿಗೆ ವಿಷವಾಗುವ ಸೀಲಿಯಾಕ್ ಎಂಬ ಕಾಯಿಲೆಯವರಿಗೆ ಇಡ್ಲಿ ಸಾಂಬಾರ್ ಸುರಕ್ಷಿತವೆಂದೇ ಯಾರಾದರೂ ಹೇಳಿಯಾರು. ಅಕ್ಕಿ, ಉದ್ದು, ತೊಗರಿಬೇಳೆ, ತರಕಾರಿ, ಹುಣಸೆ, ಇಂಗು, ಒಂದರಲ್ಲೂ ಗೋಧಿಯ ಹೆಸರಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಡಬ್ಬಿಯ ಇಂಗು ಸಾಮಾನ್ಯವಾಗಿ ಬರೀ ಇಂಗಲ್ಲ, ಅಂಟಿನ ಜೊತೆ ಗೋಧಿಹಿಟ್ಟನ್ನೋ ಮೈದಾವನ್ನೋ ಕೂಡಿಸಿದ್ದು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕೋಷ್ಟಕ ತುಂಬುವ ಗುಮಾಸ್ತ ಇಂಗಿನೆದುರು ‘ಇಂಗು’ ಎಂದಷ್ಟೇ ಬರೆದು ಮುಂದಿನ ಸಾಲಿಗೆ ಹೋದರೆ, ಗೋಧಿ ಬೇಡವೆಂದ ಗಿರಾಕಿಯ ಮೊಬೈಲಿನಲ್ಲಿ ಸಾಂಬಾರು ಮೊದಲ ಸಾಲಿನಲ್ಲೇ ನಿಂತಿರುತ್ತದೆ. ಒಳಗೆ ಒಗ್ಗರಣೆ ಹಾಕುವ ಭಟ್ಟರಿಗೋ ಬಾವರ್ಚಿಗೋ ಡಬ್ಬಿಯ ಹಿಂಬದಿಯನ್ನು ಯಾರಾದರೂ ಓದಿ ಹೇಳಿದ್ದರೆ ಅವರು ಆ ಒಂದು ಬಟ್ಟಲನ್ನು ಇಂಗಿಲ್ಲದೆ ಬೇರೆಯಾಗಿ ತೆಗೆದಿಡಬಲ್ಲರು. ಸಾಫ್ಟ್‌ವೇರಿನಲ್ಲಿ ಅವರು ಏನನ್ನಾದರೂ ಬರೆಯಲು ಮನೆ ಇರುವುದು ಅಪರೂಪ.